ದಾಳಿಂಬೆಗೆ ಹೊಲಿದ ಅಂಗಿಗಳು

ಅಣ್ಣ ಬದುಕಿದ್ದ ಕೊನೆಯ ಶುಕ್ರವಾರ ನಾವಿಬ್ಬರೂ ಬೆಟ್ಟದ ಮೇಲೆ ದಾಳಿಂಬೆ ಕಾಯಿಗಳಿಗೆ ಅಂಗಿ ತೊಡಿಸುತ್ತಿದ್ದೆವು. ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅತ್ತಿಗೆಯಂತೂ ಫೋನಿನಲ್ಲಿ, "ಇಬ್ಬರಿಗೂ ಬಿಸಿಲು ತಲೆಗೆ ಹತ್ತಿದ್ದಾ ಎಂತ?" ಎಂದು ಕೇಳಿದ್ದರು.

ಒಮಾನಿನ ನಿಜ್ವಾ ಪಟ್ಟಣದಲ್ಲಿ ನಮ್ಮದು ಸಣ್ಣ ಟೈಲರ್ ಅಂಗಡಿ. ಅಣ್ಣ ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಿದ್ದ, ನಾನು ಹೊಲಿಯುತ್ತಿದ್ದೆ. ನಮ್ಮ ಹಳೆಯ ಗಿರಾಕಿಗಳಲ್ಲಿ ಜಬಲ್ ಅಖ್ದರ್ ಬೆಟ್ಟದ ಒಬ್ಬ ಮುದುಕರಿದ್ದರು. ದಾಳಿಂಬೆ ಬೆಳೆಯುವವರು. ಎರಡು ಬೇಸಿಗೆಗಳಿಂದ ಬಿಸಿಲು ಎಷ್ಟು ಏರಿತ್ತೆಂದರೆ ಅವರ ಹಣ್ಣುಗಳ ಒಂದು ಕೆನ್ನೆ ಸುಟ್ಟು ಕಪ್ಪಾಗುತ್ತಿತ್ತು. ಕಾಗದದ ಚೀಲ ಕಟ್ಟಿ ನೋಡಿದರು. ಎಲ್ಲಿಂದಲೋ ಆಲಿಕಲ್ಲು ಮಳೆ ಬಂದು ಚೀಲವೆಲ್ಲ ಗಂಜಿಯಾಯಿತು. ಇನ್ನೊಂದು ವರ್ಷ ಹೀಗಾದರೆ ಗಿಡ ಕಡಿಸಿ, ಮಸ್ಕತ್‌ನಲ್ಲಿರುವ ಮಗನ ಮನೆಗೆ ಹೋಗುವುದೆಂದು ಅವರು ನಿಶ್ಚಯಿಸಿಬಿಟ್ಟಿದ್ದರು.

ಕೊನೆಯ ಪ್ರಯತ್ನವಾಗಿ ನಮ್ಮಲ್ಲಿಗೆ ಬಂದರು. ಅವರು ತೊಡುವ ಉದ್ದನೆಯ ದಿಶ್ದಾಶಾ ಹೊಲಿದು ಉಳಿದ ಬಿಳಿ ಬಟ್ಟೆಯಲ್ಲಿ ಚೀಲ ಮಾಡಿಕೊಡಿ ಎಂದರು. ಚೀಲ ಎಂಬ ಮಾತು ಅಣ್ಣನಿಗೆ ಹಿಡಿಸಲಿಲ್ಲ. ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ತೋಟಕ್ಕೇ ಹೋಗಿ ಕಾಯಿಗಳ ಸುತ್ತಳತೆ ತೆಗೆದ. ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಬರೆದುಕೊಂಡ. ತೊಟ್ಟಿನ ಹತ್ತಿರ ಒಂದು ಗುಂಡಿ ಬೇರೆ ಇಡಿಸಿದ.

ಹೊಲಿದು ಮುಗಿಸಲು ಮೂರು ವಾರ ಹಿಡಿಯಿತು. ಆ ಶುಕ್ರವಾರ ತೊಡಿಸಲು ಹೋದರೆ ಒಂದೂ ಹಿಡಿಯಲಿಲ್ಲ. ಸ್ಮಾಲ್‌ಗಳು ಮೀಡಿಯಂ ಆಗಿದ್ದವು, ಮೀಡಿಯಂಗಳು ಲಾರ್ಜ್ ಆಗಿದ್ದವು. ಲಾರ್ಜ್‌ಗಳು ಗುಂಡಿ ಹಾರಿಸಿದವು.

"ಎಂತ ಮಾರಾಯ, ಇವಕ್ಕೆ ಇಷ್ಟು ಬೇಗ ಹೊಟ್ಟೆ ಬಂದದ್ದು?" ಎಂದ ಅಣ್ಣ.

"ಅಳತೆ ತೆಗೆದದ್ದು ನೀನೇ ಅಲ್ವಾ?" ಎಂದೆ.

"ಅಳತೆ ಸರಿಯೇ ಉಂಟು. ಗಿರಾಕಿಯೇ ಸರಿ ಇಲ್ಲ."

ಮುದುಕರು ಕಲ್ಲಿನ ಮೇಲೆ ಕುಳಿತು ಕಣ್ಣೀರು ಬರುವಷ್ಟು ನಕ್ಕರು. ಅವರ ಹಿಂದಿ ಮುರುಕು ಹಿಂದಿ, ಆದರೆ ಅರ್ಥ ಹೀಗಿತ್ತು: "ನನ್ನ ಮೊಮ್ಮಗನಿಗೆ ಹೊಲಿಯುವಾಗ ಒಂದು ಗೇಣು ಬಟ್ಟೆ ಹೆಚ್ಚಿಗೆ ಬಿಡುತ್ತೀರಿ. ಇವು ಮಕ್ಕಳಲ್ಲವಾ?"

ಅಣ್ಣ ಕತ್ತರಿ ತೆಗೆದ. ಗಿಡದ ಬುಡದಲ್ಲಿ ಕುಳಿತು ಒಂದೊಂದೇ ಅಂಗಿಯ ಪಕ್ಕ ಸೀಳಿದ. ನಾನು ಸೂಜಿ ಹಿಡಿದು ಅಲ್ಲಿಗೆ ತುಂಡು ಬಟ್ಟೆ ಸೇರಿಸಿದೆ. ಮುದುಕರು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಾ ತೊಡಿಸಿದರು. ಸಂಜೆ ಹೊತ್ತಿಗೆ ತೋಟವಿಡೀ ಬಿಳಿ ಬಟ್ಟೆ ತೊಟ್ಟು ನಿಂತಿತ್ತು. ಅಣ್ಣ ದೂರ ನಿಂತು ನೋಡಿ, "ಎಲ್ಲ ಮದುವೆಗೆ ಹೊರಟ ಹಾಗೆ ಉಂಟು," ಎಂದ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವನು ಎದೆ ಹಿಡಿದುಕೊಂಡು ಕುಳಿತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅವನನ್ನು ಊರಿಗೆ ಮುಟ್ಟಿಸಿ, ಕಾರ್ಯಗಳನ್ನೆಲ್ಲ ಮುಗಿಸಿ, ನಾನೊಬ್ಬನೇ ಹಿಂದೆ ಬಂದೆ.

ಕೊಯ್ಲು ಮುಗಿದ ಮೇಲೆ ಮುದುಕರು ಒಂದು ಪೆಟ್ಟಿಗೆ ಹಣ್ಣು ತಂದು ಮೇಜಿನ ಮೇಲಿಟ್ಟರು. ಹಣ್ಣುಗಳ ಮೇಲೆ ಅಂಗಿ ಹಾಗೇ ಇತ್ತು. ನಾನು ಒಂದನ್ನು ಬಿಚ್ಚಿದೆ. ಸುತ್ತಲೂ ಕೆಂಪು, ಸುಟ್ಟ ಕಲೆ ಎಲ್ಲೂ ಇಲ್ಲ.

"ಪಕ್ಕದ ತೋಟದವನು ನನ್ನನ್ನು ನೋಡಿ ನಗುತ್ತಿದ್ದ. ಅವನ ಬೋಳು ಹಣ್ಣು ಎಲ್ಲ ಖಲಾಸ್," ಎಂದರು. ಆಮೇಲೆ ನಾನು ಬಿಚ್ಚಿದ ಅಂಗಿಯನ್ನು ಮಡಚಿ ಅಣ್ಣನ ಕತ್ತರಿಯ ಪಕ್ಕ ಇಟ್ಟರು. ಹೊರಡುವಾಗ, ಗಿಡ ಕಡಿಸುವುದಿಲ್ಲ, ಮುಂದಿನ ಬೇಸಿಗೆಗೂ ಅಂಗಿ ಬೇಕು ಎಂದರು.

ಈಗ ಆ ಬೇಸಿಗೆ ಬಂದಿದೆ. ಬಟ್ಟೆ ತಂದಿಟ್ಟಿದ್ದೇನೆ. ಹೊಲಿಯಲು ನಾನಿದ್ದೇನೆ. ಕತ್ತರಿಸಿಕೊಡಲು ಅಣ್ಣ ಇಲ್ಲ.