ಬಚ್ಚಲಲ್ಲಿ ಜಾರಿದ್ದಲ್ಲ

ನನ್ನ ಅತ್ತೆ ಬಚ್ಚಲಲ್ಲಿ ಜಾರಿ ಬೀಳಲಿಲ್ಲ. ಅವರ ಕೈ ಮುರಿದವಳು ನಾನು.

ಇಷ್ಟು ಬರೆಯಲು ನನಗೆ ಆರು ವರ್ಷ ಬೇಕಾಯಿತು. ಭದ್ರಾವತಿಯ ನಮ್ಮ ಚರ್ಚಿನ ಸಭೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ — ಏಸ್ತರಮ್ಮನವರನ್ನು ಕೊನೆಯವರೆಗೂ ಹೆತ್ತ ಮಗಳಂತೆ ನೋಡಿಕೊಂಡವಳು ಸೊಸೆ ಶೋಭಾ ಎಂದು. ಆ ಮಾತನ್ನು ನಾನು ಒಮ್ಮೆಯೂ ತಡೆದಿಲ್ಲ.

ಅದು ನಡೆದದ್ದು ಸ್ತ್ರೀಯರ ಭಾನುವಾರ, ಚರ್ಚಿನಲ್ಲಿ ಹೆಂಗಸರೇ ಆರಾಧನೆ ನಡೆಸುವ ದಿನ. ಆರಾಧನೆಯಲ್ಲಿ ನಾನು ಸಾಕ್ಷಿ ಹೇಳಬೇಕಿತ್ತು — ಅಡುಗೆ, ಬಟ್ಟೆ, ಕಾಯಿಲೆಗಳ ನಡುವೆಯೂ ದೇವರಿಗೆ ಮೆಚ್ಚುಗೆಯಾಗಿ ಬದುಕುವುದು ಹೇಗೆ ಎಂದು. ವಾರವಿಡೀ ಬರೆದು ಬಾಯಿಪಾಠ ಮಾಡಿದ್ದೆ. ಗಂಡ ಬೆಳಗಿನ ಪಾಳಿಗೆ ಹೋಗಿದ್ದರು. ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಅತ್ತೆ ಕೂತಲ್ಲೇ ಸೀರೆ ಒದ್ದೆ ಮಾಡಿಕೊಂಡರು. ಆ ಬೆಳಿಗ್ಗೆ ಅದು ಎರಡನೆಯ ಸಲ.

"ಗೊತ್ತೇ ಆಗ್ಲಿಲ್ಲ ಕಣಮ್ಮ" ಎಂದರು.

ನಾನು ಅವರ ಮುಂಗೈ ಹಿಡಿದು ಎಳೆದೆ. ಎಬ್ಬಿಸಲೆಂದಲ್ಲ — ನೋಯಲಿ ಎಂದೇ ಎಳೆದೆ. ಅವರು ಬಾಗಿಲ ಚೌಕಟ್ಟಿಗೆ ಬಡಿದು, ಆ ಕೈಯ ಮೇಲೆಯೇ ಬಿದ್ದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ "ಬಚ್ಚಲಲ್ಲಿ ಜಾರಿದ್ರು" ಎಂದೆ. ಅತ್ತೆ ನನ್ನ ಮುಖ ನೋಡಿದರು. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ.

"ಹೌದು ಡಾಕ್ಟ್ರೇ, ನೆಲ ಒದ್ದೆಯಿತ್ತು, ನಾನೇ ನೋಡ್ಲಿಲ್ಲ. ಪಾಪ, ಇವಳೇ ಬಂದು ಎತ್ತಿದ್ದು."

ನನಗೆ ಆ ಕ್ಷಣ ಆದದ್ದು ನಾಚಿಕೆಯಲ್ಲ, ಸಮಾಧಾನ. ಅದನ್ನೂ ಇಲ್ಲಿ ಹೇಳಬೇಕು.

ಕೈ ಸರಿಯಾಗಿ ಕೂಡಲಿಲ್ಲ. ಅವರಿಗೆ ತಾವೇ ತುತ್ತು ಕಲಸಿಕೊಳ್ಳಲು ಆಗದಾಯಿತು. ಎರಡು ವರ್ಷ ನಾನೇ ಉಣ್ಣಿಸಿದೆ. ನೋಡಲು ಬಂದವರು ಅದನ್ನೇ ಹೊಗಳಿದರು. ಒಮ್ಮೆ ಊಟದ ನಡುವೆ ಅತ್ತೆ ಮೆಲ್ಲಗೆ "ಶೋಭಾ, ಆವತ್ತು..." ಎಂದು ಶುರುಮಾಡಿದರು. "ಮಾತಾಡ್ಬೇಡಿ, ನೆತ್ತಿಗೇರುತ್ತೆ" ಎಂದು ಇನ್ನೊಂದು ತುತ್ತು ಬಾಯಿಗಿಟ್ಟೆ. ಅವರು ಏನು ಹೇಳಬೇಕೆಂದಿದ್ದರೋ — ಬೈಯುತ್ತಿದ್ದರೋ, ಕ್ಷಮಿಸುತ್ತಿದ್ದರೋ... ಮತ್ತೆ ಆ ಮಾತು ಎತ್ತದೆಯೇ ತೀರಿಕೊಂಡರು.

ಕಳೆದ ತಿಂಗಳು ಸ್ತ್ರೀ ಸಂಘದವರು ನನ್ನನ್ನು ಕೇಳಿದರು — ನೀತಿಯಿಂದ ಬದುಕುವ ಹಂಬಲವನ್ನು ಬೆಳೆಸಿಕೊಳ್ಳುವುದರ ಬಗ್ಗೆ ಕಿರಿಯ ಹೆಂಗಸರಿಗೆ ಪಾಠ ಮಾಡಬೇಕೆಂದು. ಬರೆಯಲು ಕೂತೆ. ನನಗೆ ಅಂಥ ಹಂಬಲ ಎಂದಾದರೂ ಇತ್ತೇ? ಹಾಗೆ ಕಾಣಬೇಕೆಂಬ ಆಸೆಯಂತೂ ಹೊಟ್ಟೆತುಂಬ ಇತ್ತು. ಹಾಳೆಯ ಮೇಲೆ ಒಂದು ಸಾಲೂ ಮೂಡಲಿಲ್ಲ.

ಮರುದಿನ ಶಿವಮೊಗ್ಗದ ಬಸ್ಸು ಹತ್ತಿದೆ. ಮಲವಗೊಪ್ಪ ಬಂದಾಗ ಇಳಿದು ವಾಪಸ್ಸು ಹೋಗೋಣ ಅನ್ನಿಸಿತು. ಹೋಗಲಿಲ್ಲ. ರವೀಂದ್ರನಗರದಲ್ಲಿ ನನ್ನ ನಾದಿನಿ ಸುಶೀಲಳ ಮನೆ. ಅತ್ತೆಯ ಒಬ್ಬಳೇ ಮಗಳು. ಅವಳು ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಎದುರು ಕೂತು ಎಲ್ಲವನ್ನೂ ಹೇಳಿದೆ — ನೋಯಲಿ ಎಂದು ಎಳೆದದ್ದನ್ನೂ.

ಅವಳು ಕೂಗಾಡಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಪೂರ್ತಿ ಬಿಡಿಸಿ ಮುಗಿಸಿದಳು.

"ನಾನು ಅಮ್ಮಂಗೆ ಬೈದಿದ್ದೆ ಅತ್ತಿಗೆ" ಎಂದಳು ಕೊನೆಗೆ. "ಆಸ್ಪತ್ರೇಲಿ, ಎಲ್ರೆದುರಿಗೆ. ನೋಡ್ಕೊಂಡು ಓಡಾಡೋಕೆ ಆಗಲ್ವಾ, ಎಲ್ರಿಗೂ ಎಷ್ಟು ತೊಂದ್ರೆ ಕೊಡ್ತೀಯಾ ಅಂತ. ಅಮ್ಮ ತಲೆ ತಗ್ಗಿಸ್ಕೊಂಡು, ತಪ್ಪಾಯ್ತು ಕಣೇ, ಇನ್ಮೇಲೆ ಹುಷಾರಾಗಿರ್ತೀನಿ ಅಂದ್ಲು."

ಇದು ನನಗೆ ಗೊತ್ತಿರಲಿಲ್ಲ. ನಾನು ಆಗ ಔಷಧಿ ತರಲು ಹೋಗಿದ್ದೆ.

"ನೀವೀಗ ಹೋಗಿ" ಎಂದಳು. "ನಾನಾಗಿ ಕರೆಯೋವರ್ಗೂ ಬರ್ಬೇಡಿ."

ಗಂಡನಿಗೆ ಆ ಸಂಜೆಯೇ ಹೇಳಿದೆ. ಅವರು ಊಟ ಬಿಟ್ಟು ಎದ್ದರು. ಭಾನುವಾರ ಸ್ತ್ರೀ ಸಂಘದಲ್ಲಿ, ಪಾಠ ಮಾಡಲು ನಿಂತಲ್ಲೇ ನಿಂತು, ನಾನು ಯಾಕೆ ಪಾಠ ಮಾಡಲಾರೆ ಎಂದು ಹೇಳಿದೆ. ಕೆಲವರು ಅತ್ತರು. ಒಬ್ಬಾಕೆ ದೇವರು ಕ್ಷಮಿಸಿದ್ದಾನೆ ಎಂದು ನನ್ನ ಕೈ ಹಿಡಿಯಲು ಬಂದರು. ಕೈ ಹಿಂದಕ್ಕೆ ತೆಗೆದುಕೊಂಡೆ.

ಸುಶೀಲ ಇನ್ನೂ ಕರೆದಿಲ್ಲ. ಕರೆಯಲಿ ಎಂದು ಪ್ರಾರ್ಥಿಸಲೂ ನನಗೆ ಬಾಯಿ ಬರುತ್ತಿಲ್ಲ.