ನಳಿಗೆಯ ಬಾಯಿಗೆ ಸೇವಂತಿಗೆ

ಜರಗನಹಳ್ಳಿಯ ನಮ್ಮ ಮನೆ ಮಾಲೀಕರು ಸಿಟ್ಟು ಬಂದಾಗಲೆಲ್ಲ ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸುತ್ತಾ, “ಬುದ್ಧಿ ಬೇಡ್ವೇನ್ರೀ ಜನಕ್ಕೆ?” ಎನ್ನುತ್ತಿದ್ದರು. ಅವರ ಅಜ್ಜನ ಕಾಲದ ಬೇಟೆಯ ರೈಫಲ್ಲೊಂದಿತ್ತು. ಆಯುಧಪೂಜೆಯಲ್ಲಿ ಅವರ ಹೆಂಡತಿ ಅದರ ನಳಿಗೆಯ ಬಾಯಿಗೆ ಒದ್ದೆ ಸೇವಂತಿಗೆ ಸಿಕ್ಕಿಸಿ, ತೆಗೆಯುವುದನ್ನು ಮರೆತರು. ಒಳಗೆಲ್ಲ ತುಕ್ಕು ಹಿಡಿಯಿತು.

“ಕಾಡಲ್ಲಿ ಹಾಳಾಗ್ಲಿಲ್ಲ, ದೇವರ ಮನೇಲಿ ಹಾಳಾಯ್ತು,” ಎಂದರು ಮಾಲೀಕರು.

ಹೊಸ ನಳಿಗೆ ಆರಿಸಲು ಬಂದೂಕಿನ ಅಂಗಡಿಗೆ ನನ್ನನ್ನೂ ಕರೆದೊಯ್ದರು. ಅಂಗಡಿಯವನು ಕೊಟ್ಟ ಒಂದೊಂದನ್ನೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿ, ಪಕ್ಕಕ್ಕಿಡುತ್ತಿದ್ದರು.

“ಯಾವುದಾದ್ರೇನು ಅಂಕಲ್, ಬೇಟೆ ಈಗೆಲ್ಲಿದೆ? ಪೂಜೆಗೆ ತಾನೆ,” ಎಂದ ಅವನು.

ಕನ್ನಡಕ ಪಂಚೆಯ ತುದಿಗೆ ಹೋಯಿತು. “ಪೂಜೆಗೆ ಹಳೇ ಬ್ಯಾರಲ್ ಇದೆ. ಇದು ರೈಫಲ್‌ಗೆ ಕಣಯ್ಯಾ. ಬುದ್ಧಿ ಬೇಡ್ವಾ?”

ಮುಂದಿನ ಆಯುಧಪೂಜೆಗೆ ಸ್ಕೂಟರಿನ ಪಕ್ಕದಲ್ಲಿ ಆ ತುಕ್ಕು ನಳಿಗೆಯನ್ನು ಮಲಗಿಸಿ, “ಇದಕ್ಕೆ ಏನು ಬೇಕಾದ್ರೂ ಮೆತ್ತಿ,” ಎಂದರು. ರೈಫಲ್ಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಮಂಗಳಾರತಿ ಮುಗಿದ ಮೇಲೆ ಒಳಗೆ ಹೋದವರು ಬಾಗಿಲಲ್ಲೇ ನಿಂತು, ಮೆಲ್ಲಗೆ ಕನ್ನಡಕ ತೆಗೆದರು. ಬೀರುವಿಗೆ ಅರಿಶಿನ ಕುಂಕುಮ ಹಚ್ಚಿ, ಅವರ ಹೆಂಡತಿ ಬೀಗದ ತೂತಿಗೆ ಒಂದು ಒದ್ದೆ ಸೇವಂತಿಗೆ ಸಿಕ್ಕಿಸಿದ್ದರು.