ಗಂಟಿಲ್ಲದ ಲಡಿ

ನಮ್ಮ ಯಜಮಾನರ ನಾಲಗೆಯ ತುದಿ ನೀಲಿಯಾಗಿತ್ತು. ಬಾಯಿ ತುಂಬ ನಕ್ಕಾಗ ಮಾತ್ರ ಕಾಣುತ್ತಿತ್ತು. ನೆಲದಲ್ಲಿ ಹೂಳಿದ, ನೀಲಿ ಬಣ್ಣ ತುಂಬಿದ ಮಣ್ಣಿನ ಹರವಿಗಳಿಗೆ ದಿನಾ ಬೆಳಿಗ್ಗೆ ಬೆರಳು ಅದ್ದಿ, ನಾಲಗೆಗೆ ಮುಟ್ಟಿಸಿ, ಸುಣ್ಣ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಅವರೇ ನೋಡುತ್ತಿದ್ದರು. ಆಳುಗಳು ಐದು ಜನ ಇದ್ದೆವು, ಒಬ್ಬರಿಗೂ ಆ ಕೆಲಸ ಹಚ್ಚಿದವರಲ್ಲ. "ನಾಲಗಿ ಸುಡೂ ಕೆಲಸ ಇದು. ಯಜಮಾನ ಅನಿಸಿಕೊಂಡಾವ ಮಾಡಬೇಕು" ಎನ್ನುತ್ತಿದ್ದರು.

ಮುನವಳ್ಳಿಯಲ್ಲಿ ಹೊಳೆಯ ದಂಡೆಗೆ ಅವರ ಬಣ್ಣದ ಮನೆ. ಸವದತ್ತಿ, ರಾಮದುರ್ಗದ ನೇಕಾರರು ಬಿಳಿ ನೂಲಿನ ಲಡಿ ತಂದು ಕೊಡುತ್ತಿದ್ದರು, ನೀಲಿ ಕೆಂಪು ಮಾಡಿಸಿಕೊಂಡು ಒಯ್ಯುತ್ತಿದ್ದರು. ಬಂದವರ ಜೊತೆ ಯಜಮಾನರು ತಾವೇ ಮಾತಿಗೆ ಕೂಡುತ್ತಿರಲಿಲ್ಲ. "ಬಣ್ಣ ಹಾಕಿದಾವ ಅಲ್ಲಿ ನಿಂತಾನ ನೋಡ್ರಿ, ಅವನ್ನ ಕೇಳ್ರಿ" ಎಂದು ನಮ್ಮ ಕಡೆಗೆ ಕೈ ತೋರಿಸಿಬಿಡುವರು. ಹಾಗಾಗಿ ನೇಕಾರರಿಗೆ ನಮ್ಮೆಲ್ಲರ ಹೆಸರು ಗೊತ್ತಿತ್ತು, ನಮಗೆ ಅವರ ಮಗ್ಗದ ಮೇಲೆ ಯಾವ ಸೀರೆ ಇದೆ ಎಂಬುದು ಗೊತ್ತಿತ್ತು.

ಒಮ್ಮೆ ರಾಮದುರ್ಗದ ದೊಡ್ಡ ಜವಳಿ ವ್ಯಾಪಾರಿಯೊಬ್ಬರು ತಮ್ಮ ನೂಲು ಒಯ್ಯಲು ಗಾಡಿ ಹೂಡಿಸಿಕೊಂಡೇ ಬಂದು ನಿಂತರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಆಳು, ನಾವು ಕಾಕಾ ಎನ್ನುತ್ತಿದ್ದವರು, "ಇನ್ನೂ ಎರಡು ಸಲ ಮುಳುಗಬೇಕ್ರಿ, ಇವತ್ತ ಕೊಡಾಕ ಬರೂದಿಲ್ಲ" ಎಂದುಬಿಟ್ಟರು. ವ್ಯಾಪಾರಿ ಯಜಮಾನರ ಕಡೆ ತಿರುಗಿ, "ಇದು ಆಳಿನ ಮಾತೋ, ನಿಮ್ಮ ಮಾತೋ?" ಎಂದರು.

"ಅವ ಹೇಳಿದ ಮ್ಯಾಲ ನಂದೇನೈತ್ರಿ? ಕುಂದರ್ರಿ, ಮಜ್ಜಿಗಿ ಕುಡೀರಿ" ಎಂದರು ಯಜಮಾನರು. ಆ ವ್ಯಾಪಾರಿ ಸಿಟ್ಟು ಮಾಡಿಕೊಂಡು ಹೋದವರು ಎರಡು ದಿನ ಬಿಟ್ಟು ತಾವೇ ಬಂದು ನೂಲು ಒಯ್ದರು. ಕಾಕಾ ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ ಅನ್ನಿ.

ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಬಣ್ಣ ಹಾಕಿದವನು ತನ್ನ ಲಡಿಗೆ ತನ್ನದೇ ಒಂದು ನೂಲಿನ ಗಂಟು ಕಟ್ಟಬೇಕು. ಒಬ್ಬೊಬ್ಬರದು ಒಂದೊಂದು ತರಹದ ಗಂಟು. ಯಾವ ಲಡಿಗೆ ಯಾರು ಬಣ್ಣ ಹಾಕಿದರು ಎಂಬುದಕ್ಕೆ ಅದೊಂದೇ ಗುರುತು. ಸೀರೆ ನೇಯ್ದು ಮಾರುವ ತನಕ ನೇಕಾರರು ಆ ಗಂಟು ತೆಗೆದಿಡುವರು. ಬಣ್ಣದಲ್ಲಿ ಹೆಚ್ಚುಕಡಿಮೆ ಬಂದರೆ ಗಂಟು ಹಿಡಿದುಕೊಂಡು ಬರುವರು. ಆಗ ಮಾತ್ರ ಯಜಮಾನರು ನಮ್ಮ ಕಡೆ ಕೈ ತೋರಿಸುತ್ತಿರಲಿಲ್ಲ. ಗಂಟನ್ನು ತಾವು ಇಸಿದುಕೊಂಡು, "ನಮ್ಮ ಮನಿಂದ ತಪ್ಪಾಗೇತಿ" ಎಂದು ಬೇರೆ ನೂಲು ಕೊಟ್ಟು ಕಳಿಸಿ, ಆಮೇಲೆ ಆ ಗಂಟು ನಮ್ಮಲ್ಲಿ ಯಾರದೋ ಅವರನ್ನು ಹರವಿಯ ಹತ್ತಿರ ಕೂರಿಸಿಕೊಂಡು ಎಲ್ಲಿ ತಪ್ಪಿತು ಎಂದು ಹುಡುಕುವರು. ಬೈದದ್ದು ನಾನು ಕೇಳಿಲ್ಲ.

ಇಷ್ಟೆಲ್ಲ ಒಳ್ಳೆಯದನ್ನು ಹೇಳಿದ ಮೇಲೆ ನನ್ನ ಹೊಲಸನ್ನೂ ಹೇಳಬೇಕಲ್ಲ. ಹೇಳುತ್ತೇನೆ.

ಆ ವರ್ಷ ನನ್ನ ಹೆಂಡತಿ ಬಾಣಂತನಕ್ಕೆಂದು ರಾಮದುರ್ಗದ ತವರಿಗೆ ಹೋಗಿದ್ದಳು. ಗಂಡು ಹುಟ್ಟಿದೆ ಎಂದು ಹೇಳಿಕಳಿಸಿದ್ದರು. ಯಜಮಾನರು ನೀಲಿ ತರಲು ಬೈಲಹೊಂಗಲಕ್ಕೆ ಹೋಗಿದ್ದರು. ನನ್ನ ಕೈಯಲ್ಲಿ ಸವದತ್ತಿಯ ಒಬ್ಬ ವಿಧವೆ ನೇಕಾರ್ತಿಯ ಲಡಿಗಳಿದ್ದವು. ಹೂಲಿಯ ಒಂದು ಮನೆಯ ಮದುಮಗಳ ಸೀರೆಗೆ ಕೆಂಪು ದಡಿ, ಕೆಂಪು ಸೆರಗು ಬೇಕಿತ್ತು. ಸುರಂಜಿ ಬೇರಿನ ಕೆಂಪು ಹಿಡಿಯಬೇಕಾದರೆ ಎಣ್ಣೆಯಲ್ಲಿ ನೆನೆಸಿ, ಒಣಗಿಸಿ, ಮತ್ತೆ ನೆನೆಸಿ, ಎಂಟು ದಿನದ ಕೆಲಸ. ಅದೇ ಹೊಸದಾಗಿ ಬಂದಿದ್ದ ವಿಲಾಯತಿ ಪುಡಿ ಅರ್ಧ ದಿನದಲ್ಲಿ ಕೆಂಪು ಮಾಡುತ್ತಿತ್ತು. ಅದನ್ನು ಯಜಮಾನರು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ನಾನು ಪೇಟೆಯಲ್ಲಿ ಒಂದು ಡಬ್ಬಿ ತಂದು, ಯಾರೂ ಇಲ್ಲದ ಹೊತ್ತು ನೋಡಿ ಲಡಿಗಳನ್ನು ಅದರಲ್ಲಿ ಅದ್ದಿದೆ. ನನಗೆ ಮಗುವಿನ ಮುಖ ನೋಡಬೇಕಿತ್ತು. ಅದೊಂದೇ ನನ್ನ ತಲೆಯಲ್ಲಿತ್ತು.

ಲಡಿಗಳು ಚೆಂದಾಗಿ ಕೆಂಪಗೆ ಕಂಡವು. ಗಂಟು ಕಟ್ಟಲು ಕೈ ಬರಲಿಲ್ಲ. ಹಾಗೇ ಸವದತ್ತಿಯ ಗಾಡಿಗೆ ಹಾಕಿ ರಾಮದುರ್ಗದ ದಾರಿ ಹಿಡಿದೆ.

ಒಂದೂವರೆ ತಿಂಗಳಿಗೆ ಆ ನೇಕಾರ್ತಿ ನಡುಮಧ್ಯಾಹ್ನ ಬಣ್ಣದ ಮನೆಗೆ ಬಂದಳು. ಮದುವೆಯ ದಿನ ಸುರಗಿಯ ಶಾಸ್ತ್ರಕ್ಕೆ ತಲೆಯ ಮೇಲೆ ನೀರು ಎರೆಯುವಾಗ ಸೀರೆಯ ಕೆಂಪೆಲ್ಲ ಬಿಟ್ಟು ಮದುಮಗಳ ಮೈಮೇಲೆ, ಅರಿಸಿನದ ಮೇಲೆ, ರಕ್ತದ ಹಾಗೆ ಹರಿದಿತ್ತು. ಅಪಶಕುನ ಎಂದು ಬೀಗರು ಎದ್ದು ನಿಂತಿದ್ದರು. ಮದುವೆಯೇನೋ ಹೇಗೋ ಮುಗಿದಿತ್ತು. ಆದರೆ ಮುಂಡೆಯ ಮಗ್ಗದ ಸೀರೆ ಮದುವೆಗೆ ತಂದದ್ದೇ ತಪ್ಪು ಎಂದು ಊರೆಲ್ಲ ಮಾತಾಡುತ್ತಿದ್ದರು. ಅವಳ ಹತ್ತಿರ ಯಾರೂ ಸೀರೆ ನೇಯಿಸುವ ಹಾಗಿರಲಿಲ್ಲ.

"ಗಂಟ ತರೂಣಂದ್ರ ಆ ಲಡಿಗೆ ಗಂಟೇ ಇರಲಿಲ್ರಿ" ಎಂದಳು.

ಯಜಮಾನರು ನಮ್ಮ ಐದೂ ಜನರ ಮುಖ ನೋಡಲಿಲ್ಲ, ನೆಲ ನೋಡಿದರು. "ಗಂಟಿಲ್ಲದ ಲಡಿ ನನ್ನ ಮನಿ ಹೊಸ್ತಿಲಾ ದಾಟೇತಂದ್ರ ನಾ ಯಜಮಾನ ಆಗಿ ಏನ ಮಾಡಿದ್ನವ್ವಾ" ಎಂದರು.

ಮರುದಿನ ಅವಳನ್ನೂ ಕರೆದುಕೊಂಡು ಹೂಲಿಗೆ ಹೊರಟರು. ಬದಲಿಗೆ ಕೊಡುವ ಹೊಸ ನೂಲಿನ ಹೊರೆ ಹೊರಲು ನನ್ನನ್ನೇ ಕರೆದರು. ಗೊತ್ತಿದ್ದೇ ಕರೆದರೋ, ಹತ್ತಿರ ನಿಂತಿದ್ದೆನೆಂದು ಕರೆದರೋ, ನನಗೆ ಇಂದಿಗೂ ತಿಳಿಯದು. ಮದುಮಗಳ ಅಪ್ಪ ಹತ್ತು ಜನರ ಎದುರಿಗೆ ಆ ಸೀರೆಯನ್ನು ಮುದ್ದೆ ಮಾಡಿ ಯಜಮಾನರ ಮುಖಕ್ಕೆ ಎಸೆದ. ಅವರು ಅದನ್ನು ಎತ್ತಿ, ಮಡಿಚಿ, ಕಂಕುಳಲ್ಲಿ ಇಟ್ಟುಕೊಂಡರು.

"ಈ ತಂಗಿದೇನೂ ತಪ್ಪಿಲ್ರಿ. ನೇಯ್ಗಿ ನೋಡ್ರಿ, ಒಂದು ಎಳಿ ಹೋಗಿಲ್ಲ. ಬಣ್ಣ ನನ್ನ ಮನೀದು, ಪಾಪ ನಂದು. ಬೈಯೂದಿದ್ರ ನನ್ನ ಬೈರಿ, ಮಗ್ಗಕ್ಕ ಬೈಬ್ಯಾಡ್ರಿ" ಎಂದರು.

ಬೈದರು. ನಾನು ಕೇಳಬಾರದ ಮಾತುಗಳನ್ನೆಲ್ಲ ಬೈದರು. ನಾನು ನೂಲಿನ ಹೊರೆ ಹೊತ್ತುಕೊಂಡು ಹಿಂದೆ ನಿಂತಿದ್ದೆ. ಬರುವಾಗ ದಾರಿಯುದ್ದಕ್ಕೂ ಅವರು ಏನೂ ಕೇಳಲಿಲ್ಲ. ಮುನವಳ್ಳಿ ಮುಟ್ಟಿದ ಮೇಲೆ ಎಲ್ಲರನ್ನೂ ಕರೆದು, "ಯಾರಂತ ನಾ ಕೇಳೂದಿಲ್ಲ. ಹೇಳಬೇಕಾದಾವ ತಾನ ಹೇಳತಾನ" ಎಂದು ಒಳಗೆ ಹೋದರು.

ಎಂಥ ಸಿಟ್ಟು ಬಂದಿತ್ತು ನನಗೆ ಅವರ ಮೇಲೆ. ಎರಡೇಟು ಹಾಕಿದ್ದರೆ ಒಪ್ಪಿಕೊಂಡು ಅತ್ತು ಹಗುರಾಗುತ್ತಿದ್ದೆ. ಆಳಿನ ಮೇಲೆ ಅಷ್ಟು ನಂಬಿಕೆ ಇಡಬಾರದು ಎಂದು ಈ ವಯಸ್ಸಿನಲ್ಲೂ ನನಗೆ ಅನ್ನಿಸುತ್ತದೆ. ಅವರು ಕೇಳದೇ ಇದ್ದದ್ದರಿಂದ ಬಣ್ಣದ ಮನೆಯಲ್ಲಿ ಒಬ್ಬರು ಇನ್ನೊಬ್ಬರ ಕೈ ನೋಡುವಂತಾಯಿತು. ಕಣ್ಣು ಮಂಜಾಗಿದ್ದ ಕಾಕಾನ ಮೇಲೆ ಎಲ್ಲರಿಗೂ ಗುಮಾನಿ. ಆ ಹಿರಿಯ ಜೀವ ಒಂದು ದಿನ "ನನ್ನ ಕೈ ಶುದ್ಧ ಐತ್ರಿ" ಎಂದು ಯಜಮಾನರ ಕಾಲು ಮುಟ್ಟಿ, ಕಿತ್ತೂರಿನ ಮಗಳ ಮನೆಗೆ ಹೋಗಿಬಿಟ್ಟರು. ಹೋಗಬೇಡಿರೆಂದು ಯಜಮಾನರು ಊರ ಅಗಸಿಯ ಬಾಗಿಲವರೆಗೂ ಹಿಂದೆ ಹೋದರು. ಆಗಲೂ ನಾನು ಸುಮ್ಮನಿದ್ದೆ. ನಾಲ್ಕು ವರ್ಷ ಹಾಗೇ ಕಳೆದೆ. ಅಷ್ಟೂ ದಿನ ಕೆಲಸ ಮಾತ್ರ ದೇವರಾಣೆಗೂ ನೆಟ್ಟಗೆ ಮಾಡಿದೆ.

ಆಮೇಲೆ ಪ್ಲೇಗು ಬಂತು. ಊರು ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಯಜಮಾನರಿಗೂ ಗಡ್ಡೆ ಎದ್ದಿತು. ಇಂದು ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಅವರ ಗುಡಿಸಲಿಗೆ ಹೋದೆ. ಹತ್ತಿರ ಬರಬೇಡ ಎಂದು ಕೈ ಮಾಡಿದರು. ಬೇಲಿಯ ಆಚೆಗೇ ನಿಂತೆ.

"ಹರವಿಗೆ ಸುಣ್ಣ ಹಾಕೀಯೇನು?" ಎಂದರು.

"ಹಾಕೇನ್ರಿ."

"ಮತ್ತೇನರ ಐತೇನು?"

"ಏನಿಲ್ರಿ" ಎಂದೆ. ನನ್ನ ನಾಲಗೆ ಬಿದ್ದುಹೋಗಬಾರದಿತ್ತೇ. ಮರುದಿನ ಅವರು ಹೋದರು.

ಹದಿಮೂರನೆಯ ದಿನ ಮುಗಿಸಿ ನಾನು ನಡೆದುಕೊಂಡೇ ಸವದತ್ತಿಗೆ ಹೋದೆ. ಆ ನೇಕಾರ್ತಿ ಮಗ್ಗದಲ್ಲಿ ಕೂತಿದ್ದಳು. ಹೂಲಿಯ ಆ ದಿನದ ಮೇಲೆ ಊರವರು ಮತ್ತೆ ಅವಳ ಹತ್ತಿರ ನೇಯಿಸುತ್ತಿದ್ದರು. ಅವಳೂ ನಮ್ಮ ಬಣ್ಣದ ಮನೆ ಬಿಟ್ಟು ಬೇರೆ ಕಡೆ ನೂಲು ಕೊಟ್ಟವಳಲ್ಲ. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಪುಡಿಯ ಡಬ್ಬಿ, ಮಗುವಿನ ಆಸೆ, ಕಾಕಾನ ವಿಷಯ, ಒಂದನ್ನೂ ಬಿಡಲಿಲ್ಲ. ಅವಳು ಮಗ್ಗ ನಿಲ್ಲಿಸಿ ಕೇಳಿದಳು. ಬೈಯಲಿಲ್ಲ, ಒಳಗೆ ಬಾ ಅಂತಲೂ ಅನ್ನಲಿಲ್ಲ.

"ಹೂಲಿಯಿಂದ ಬಂದ ಮ್ಯಾಲ ನಿಮ್ಮ ಯಜಮಾನರು ನನಗ ಒಂದು ಮಾತು ಹೇಳಿದ್ರು ತಮ್ಮಾ" ಎಂದಳು. "ಮಾಡಿದಾವ ಒಂದಿನ ನಿನ್ನ ಬಾಗಲಕ್ಕ ಬಂದ ಬರತಾನವ್ವಾ, ನನ್ನ ಹುಡುಗ್ರು ಅಂಥವರಲ್ಲ, ಅಲ್ಲೀತನಕ ನನ್ನ ಮನೀಗೆ ನೂಲು ಕೊಡೂದ ಬಿಡಬ್ಯಾಡ ಅಂದ್ರು. ಅದಕ್ಕ ಬಿಡಲಿಲ್ಲ ನಾ."

ಅವಳು ಮಗ್ಗದ ಒಂದು ಎಳೆ ಸರಿಮಾಡುತ್ತ ಮಾತು ಮುಂದುವರಿಸಿದಳು.

"ಲಡಿ ತಂದಾಗೆಲ್ಲ ಕೇಳತಿದ್ರು, ಬಂದಿದ್ನೇನವ್ವಾ ಅಂತ. ಇಲ್ರೆಪಾ ಅಂತಿದ್ದೆ. ಬರತಾನ ಬಿಡು ಅಂತಿದ್ರು. ಹ್ವಾದ ತಿಂಗಳಾನೂ ಕೇಳಿದ್ರು."

ಹೋದ ತಿಂಗಳು, ಊರು ಬಿಡುವ ಮೊದಲು, ಅವಳು ಬಂದದ್ದು ನನಗೆ ನೆನಪಿತ್ತು. ಇಬ್ಬರೂ ಕಟ್ಟೆಯ ಮೇಲೆ ಕೂತು ಸಣ್ಣ ದನಿಯಲ್ಲಿ ಏನೋ ಮಾತಾಡಿದ್ದರು. ನಾನು ಎರಡು ಮಾರು ಆಚೆ ನಿಂತು ಅವಳದೇ ಲಡಿ ಹಿಂಡುತ್ತಿದ್ದೆ.